ದಡಾರವೋ, ಚಿಕನ್‌ಪಾಕ್ಸೋ? ನರ್ಸಿಂಗ್ ವಿದ್ಯಾರ್ಥಿಗಳಿಗೆ

ಮನೆಯವರು ಎರಡಕ್ಕೂ "ಅಮ್ಮ ಬಂದಿದೆ" ಎನ್ನಬಹುದು. ಬೇರ್ಪಡಿಸಿ ನೋಡಬೇಕಾದವರು ನೀವು.

ದಡಾರದಲ್ಲಿ ಮೊದಲು ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣು. 3–4 ದಿನದ ಮೇಲೆ ಕಿವಿಯ ಹಿಂದೆ ಶುರುವಾದ ಕೆಂಪು ದದ್ದು ಮೈಗೆ ಇಳಿಯುತ್ತದೆ. ಟಾರ್ಚ್ ಹಿಡಿದು ಕೆನ್ನೆಯ ಒಳಗೆ ನೋಡಿ: ದವಡೆ ಹಲ್ಲಿನೆದುರು ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳಿದ್ದರೆ ಅನುಮಾನ ಗಟ್ಟಿ. ಚಿಕನ್‌ಪಾಕ್ಸ್‌ನಲ್ಲಿ ಕೆಂಪು ಗುಳ್ಳೆ, ನೀರುಗುಳ್ಳೆ, ಹಕ್ಕಳೆ ಮೂರೂ ಒಂದೇ ಬೆನ್ನಿನ ಮೇಲೆ ಒಟ್ಟಿಗೇ ಕಾಣುತ್ತವೆ, ತುರಿಕೆ ಜಾಸ್ತಿ.

ದಡಾರಕ್ಕೆ ಸತತ ಎರಡು ದಿನ ವಿಟಮಿನ್ ಎ: 6–11 ತಿಂಗಳಿಗೆ ದಿನಕ್ಕೆ 1 ಲಕ್ಷ ಯೂನಿಟ್, ವರ್ಷ ದಾಟಿದವರಿಗೆ 2 ಲಕ್ಷ. ಚಿಕನ್‌ಪಾಕ್ಸ್‌ಗೆ ಆಸ್ಪಿರಿನ್ ಬೇಡವೇ ಬೇಡ, ಅದರಿಂದ ಬರಬಹುದಾದ ರೇ ಸಿಂಡ್ರೋಮ್ ಮಿದುಳು, ಯಕೃತ್ತಿಗೆ ಕುತ್ತು ತರುತ್ತದೆ.

ಪ್ರತ್ಯೇಕವಾಗಿಡುವುದು: ದಡಾರಕ್ಕೆ ದದ್ದು ಬಂದ ಮೇಲೆ 4 ದಿನ, ಚಿಕನ್‌ಪಾಕ್ಸ್‌ಗೆ ಎಲ್ಲ ಗುಳ್ಳೆ ಒಣಗುವವರೆಗೆ. ರೋಗನಿರೋಧಕ ಶಕ್ತಿ ಕುಂದಿದ ಮಗುವಿಗೆ ದಡಾರದ ದದ್ದು ಏಳದೆಯೂ ಇರಬಹುದು, ದದ್ದಿಗಾಗಿ ಕಾಯಬೇಡಿ.