ಮೂರು ಬಾಟಲಿಯ ಲೆದರ್ ಕೇರ್ ಕಿಟ್, ಐದು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್‌ನಲ್ಲಿ ಮೂರು ಬಾಟಲಿ ಇವೆ. ಒಂದು ತುಂಬಾ ಚೆನ್ನಾಗಿದೆ, ಒಂದು ಪರವಾಗಿಲ್ಲ, ಮೂರನೆಯದು ನನ್ನ ಒಳ್ಳೆಯ ಬ್ಯಾಗೊಂದಕ್ಕೆ ಕಲೆ ಮಾಡಿತು. ಕಂಪನಿಯ ಹೆಸರು ಹಾಕುತ್ತಿಲ್ಲ. ಅಂಗಡಿಯಲ್ಲಿ ಸಿಗುವ ಇಂಥ ಕಿಟ್‌ಗಳಲ್ಲಿ ಇರುವುದು ಹೆಚ್ಚುಕಡಿಮೆ ಇವೇ ಸಾಮಾನು: ಫೋಮ್ ಕ್ಲೀನರ್, ಬಿಳಿ ಕ್ರೀಮಿನಂಥ ಕಂಡೀಷನರ್, ನೀರು ತಡೆಯುವ ಸ್ಪ್ರೇ, ಒಂದು ಸಣ್ಣ ಬ್ರಷ್, ಎರಡು ಬಟ್ಟೆ. ಹಾಗಾಗಿ ನೀವು ಯಾವುದನ್ನು ತೆಗೆದುಕೊಂಡರೂ ಈ ಮಾತು ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿದ್ದೇನೆ.

ನಾನು ಬಳಸಿದ್ದು ಮೂರು ಬ್ಯಾಗ್‌ಗಳ ಮೇಲೆ. ಒಂದು ದಿನಾ ಕೆಲಸಕ್ಕೆ ಹೊತ್ತುಕೊಂಡು ಹೋಗುವ ಕಪ್ಪು ಬ್ಯಾಗ್, 7 ವರ್ಷ ಹಳೆಯದು. ಇನ್ನೊಂದು ಕೆನೆ ಬಣ್ಣದ ಸ್ಲಿಂಗ್ ಬ್ಯಾಗ್, ಜೀನ್ಸ್‌ಗೆ ತಾಗಿ ತಾಗಿ ಹಿಂಬದಿ ಪೂರ್ತಿ ನೀಲಿಯಾಗಿತ್ತು. ಮೂರನೆಯದು ಅಮ್ಮ ಕೊಟ್ಟ ಕಂದು ಬ್ಯಾಗ್. ಬಣ್ಣದ ಲೇಪ ಏನೂ ಇಲ್ಲದ, ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ ಅದು. ವರ್ಷ ಕಳೆದ ಹಾಗೆ ಬಣ್ಣ ಗಾಢವಾಗಿ, ಮುಟ್ಟಿದ ಕಡೆಯೆಲ್ಲ ನಯವಾಗಿ ಹೊಳೆಯುತ್ತದಲ್ವಾ, ಅಂಥದ್ದು.

ಈ ಮೂರೂ ಲೆದರೇ. ಆದರೆ ಮೂರಕ್ಕೂ ಆರೈಕೆ ಬೇರೆ ಬೇರೆ. ಕಿಟ್‌ನ ಡಬ್ಬಿಯ ಮೇಲೆ ಮಾತ್ರ ದೊಡ್ಡದಾಗಿ 'ಎಲ್ಲ ಬಗೆಯ ಲೆದರ್‌ಗೂ' ಅಂತ ಅಚ್ಚು ಹಾಕಿದ್ದಾರೆ. ನನ್ನ ದೊಡ್ಡ ತಕರಾರು ಇರುವುದೇ ಇಲ್ಲಿ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಬ್ಯಾಗ್‌ಗಳು ಕ್ರೋಮಿಯಂ ಲವಣದಲ್ಲಿ ಹದ ಮಾಡಿ, ಮೇಲೆ ಬಣ್ಣದ ಒಂದು ತೆಳು ಪದರ ಕೊಟ್ಟ ಚರ್ಮದವು. ಅದರ ಮೇಲೆ ನೀರು ಬಿದ್ದರೆ ಮಣಿಯಾಗಿ ನಿಲ್ಲುತ್ತದೆ. ಲೇಪ ಇಲ್ಲದ ಚರ್ಮ ನೀರನ್ನು ಹೀರಿಕೊಂಡು ಕಪ್ಪಾಗುತ್ತದೆ. ನಿಮ್ಮದು ಯಾವುದು ಅಂತ ಗೊತ್ತಾಗಬೇಕಾದರೆ ಬ್ಯಾಗಿನ ತಳದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದೇ ಒಂದು ಹನಿ ನೀರು ಇಟ್ಟು ಒಂದೆರಡು ನಿಮಿಷ ನೋಡಿ. ಇಷ್ಟೇ ಪರೀಕ್ಷೆ. ಇದನ್ನು ಕಿಟ್ ಜೊತೆ ಬರುವ ಸೂಚನೆಯ ಚೀಟಿಯಲ್ಲಿ ಎರಡು ಸಾಲಲ್ಲಿ ಬರೆಯಬಹುದಿತ್ತು, ಬರೆದಿಲ್ಲ.

ಈಗ ಕ್ಲೀನರ್ ವಿಷಯ. ಇದನ್ನು ಮನಸ್ಸು ತುಂಬಿ ಹೊಗಳುತ್ತೇನೆ. ಬಾಟಲಿಯ ಮೇಲೆ ಪಿಎಚ್ 5.5 ಅಂತ ಬರೆದಿದೆ, ಕೊಳ್ಳುವಾಗ ನಾನು ನೋಡಿದ್ದು ಅದೊಂದನ್ನೇ. ಪಿಎಚ್ ಅಂದರೆ ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ. ಚರ್ಮದ ಗುಣ ಸ್ವಲ್ಪ ಆಮ್ಲೀಯ. ಸಾಮಾನ್ಯ ಸೋಪು ಅದಕ್ಕೆ ಉಲ್ಟಾ, ಪಿಎಚ್ 9ರಿಂದ 10ರವರೆಗೆ ಇರುತ್ತದೆ. ಒಂದು ಸಲ ಸೋಪು ಹಾಕಿ ಒರೆಸಿದರೆ ಏನೂ ಆಗಿಲ್ಲ ಅನ್ನಿಸುತ್ತದೆ, ತಿಂಗಳುಗಟ್ಟಲೆ ಹಾಗೇ ಮಾಡುತ್ತಿದ್ದರೆ ಚರ್ಮ ಒಣಗಿ ಬಿರುಸಾಗುತ್ತದೆ. ಅಡುಗೆ ಸೋಡಾ ಹಾಕಿ ಉಜ್ಜುವ ಸಲಹೆ ಎಲ್ಲ ಕಡೆ ಕಾಣುತ್ತದೆ, ಅದೂ ಕ್ಷಾರವೇ, ದಯವಿಟ್ಟು ಬೇಡ.

ನೊರೆಯ ರೂಪದಲ್ಲಿ ಇರುವುದೂ ಒಳ್ಳೆಯದೇ, ಯಾಕೆಂದರೆ ನೀರಿನ ಅಂಶ ಕಡಿಮೆ ಇರುತ್ತದೆ, ಹೊಲಿಗೆಯ ಒಳಗೆ ಇಳಿಯುವುದಿಲ್ಲ. ನಾನು ನೊರೆಯನ್ನು ಬ್ಯಾಗಿನ ಮೇಲೆ ಹಾಕದೆ ಬಟ್ಟೆಯ ಮೇಲೆ ಹಾಕಿಕೊಂಡು, ಅಂಗೈ ಅಗಲದಷ್ಟು ಜಾಗವನ್ನು ಒಂದು ಸಲಕ್ಕೆ ಒರೆಸಿದೆ. ಕಪ್ಪು ಬ್ಯಾಗಿನ ಹಿಡಿಯಲ್ಲಿ ಬಟ್ಟೆ ಕಂದಾಗಿ ಹೋಯಿತು! ಮೊದಲು ಬ್ಯಾಗಿನ ಬಣ್ಣವೇ ಬಿಡುತ್ತಿದೆ ಅಂತ ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ಬ್ಯಾಗು ಕಪ್ಪು, ಬಟ್ಟೆಗೆ ಬಂದದ್ದು ಕಂದು, ಅಂದರೆ ಅದು 7 ವರ್ಷದ ಕೈ ಜಿಡ್ಡು. ಬ್ಯಾಗಿನ ಬಣ್ಣವೇ ಬಟ್ಟೆಗೆ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿಬಿಡಿ, ಮುಂದೆ ಉಜ್ಜಬೇಡಿ. ಮೂರು ಸಲ ಒರೆಸಿದ ಮೇಲೆ ಹಿಡಿಯ ಅಂಟು ಹೋಯಿತು, ಒಣಗಿದ ಮೇಲೆ ಕೈಗೆ ಹೊಸದರ ಹಾಗೆ ಸಿಕ್ಕಿತು. ಹಿಡಿ ಎಲ್ಲಕ್ಕಿಂತ ಬೇಗ ಹಾಳಾಗುವ ಜಾಗ. ಬೆವರು, ಕೈಗೆ ಹಚ್ಚುವ ಕ್ರೀಮ್, ಅದಕ್ಕಿಂತ ಜಾಸ್ತಿ ಸ್ಯಾನಿಟೈಸರ್. ಸ್ಯಾನಿಟೈಸರ್‌ನಲ್ಲಿರುವ ಆಲ್ಕೋಹಾಲ್ ಬಣ್ಣದ ಲೇಪವನ್ನೇ ಕರಗಿಸುತ್ತದೆ. ಕೈ ಪೂರ್ತಿ ಒಣಗಿದ ಮೇಲೆ ಬ್ಯಾಗ್ ಹಿಡಿಯುವುದನ್ನು ನಾನು ಈಗ ಅಭ್ಯಾಸ ಮಾಡಿಕೊಂಡಿದ್ದೇನೆ.

ಕೆನೆ ಬಣ್ಣದ ಬ್ಯಾಗಿನ ನೀಲಿ ಕಲೆ ಮುಕ್ಕಾಲು ಭಾಗ ಹೋಯಿತು. ಜೀನ್ಸ್‌ನ ಇಂಡಿಗೋ ಬಣ್ಣ ನೀರಲ್ಲಿ ಕರಗುವುದಿಲ್ಲ, ನೂಲಿನ ಮೇಲೆ ಪುಡಿಯ ಹಾಗೆ ಕೂತಿರುತ್ತದೆ, ತಿಕ್ಕಾಡಿದಾಗ ಉದುರಿ ಅಂಟಿಕೊಳ್ಳುತ್ತದೆ. ಹೊಸದರಲ್ಲಿ ಒರೆಸಿದರೆ ಸುಲಭವಾಗಿ ಬರುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಲೇಪದೊಳಗೆ ಸೇರಿಕೊಳ್ಳುತ್ತದೆ. ನಾನು ಒಂದು ವರ್ಷ ಬಿಟ್ಟಿದ್ದೆ. ಉಳಿದ ಕಾಲು ಭಾಗ ಏನು ಮಾಡಿದರೂ ಹೋಗಲಿಲ್ಲ, ಅದಕ್ಕೆ ಕ್ಲೀನರ್‌ನ ಮೇಲೆ ತಪ್ಪು ಹಾಕುವುದಿಲ್ಲ. ಅದೇ ಬ್ಯಾಗಿನ ಪಾಕೆಟ್ ಹತ್ತಿರ ಬಾಲ್ ಪೆನ್ನಿನ ಗೆರೆ ಒಂದಿತ್ತು. ಅದೂ ಹೋಗಲಿಲ್ಲ. ಡಬ್ಬಿಯ ಮೇಲೆ 'ಇಂಕ್ ಕಲೆಯೂ ಮಾಯ' ಅಂತ ಇದೆ, ಅದು ಸುಳ್ಳು. ಪೆನ್ನಿನ ಇಂಕು ಚರ್ಮಕ್ಕೆ ಇಳಿದುಬಿಡುತ್ತದೆ. ಸ್ಪಿರಿಟ್, ನೇಲ್ ಪಾಲಿಶ್ ರಿಮೂವರ್ ಇಂಥದ್ದನ್ನು ಹಾಕಿದರೆ ಇಂಕು ಹರಡಿ, ಸುತ್ತಲಿನ ಬಣ್ಣವೂ ಎದ್ದುಹೋಗುತ್ತದೆ. ಗೆರೆ ಗೆರೆಯಾಗಿಯೇ ಇರಲಿ ಅಂತ ಬಿಟ್ಟಿದ್ದೇನೆ.

ಎಣ್ಣೆ ಕಲೆಗೆ ಮಾತ್ರ ಈ ಕ್ಲೀನರ್ ಮೊದಲು ಮುಟ್ಟಬೇಡಿ. ಒಣ ಬಟ್ಟೆಯಲ್ಲಿ ಒತ್ತಿ ತೆಗೆದು, ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ ರಾತ್ರಿ ಪೂರ್ತಿ ಬಿಟ್ಟು, ಬೆಳಗ್ಗೆ ಮೆತ್ತನೆಯ ಬ್ರಷ್‌ನಿಂದ ಕೊಡವಿ. ಪುಡಿ ಎಣ್ಣೆಯನ್ನು ಹೀರಿಕೊಳ್ಳುತ್ತದೆ.

ಕಂಡೀಷನರ್ ಪರವಾಗಿಲ್ಲ. ಚರ್ಮ ಹದ ಮಾಡುವಾಗಲೇ ಅದಕ್ಕೆ ಎಣ್ಣೆ ಕೊಟ್ಟಿರುತ್ತಾರೆ, ಎಳೆಗಳು ಒಂದರ ಮೇಲೊಂದು ಜಾರಲಿ ಅಂತ. ವರ್ಷ ಕಳೆದ ಹಾಗೆ ಆ ಎಣ್ಣೆ ಕಡಿಮೆಯಾಗಿ, ಮಡಿಚುವ ಕಡೆ ಬಿರುಕು ಬರುತ್ತದೆ. ಕಂಡೀಷನರ್ ಮಾಡಬೇಕಾದ ಕೆಲಸ ಆ ಎಣ್ಣೆಯನ್ನು ಸ್ವಲ್ಪ ಸ್ವಲ್ಪ ವಾಪಸ್ ಕೊಡುವುದು. ಅಮ್ಮನ ಕಂದು ಬ್ಯಾಗ್ ಇದನ್ನು ಬಾಯಾರಿದ ಹಾಗೆ ಕುಡಿಯಿತು. ಮೊದಲು ಕಪ್ಪಾಯಿತು, ಎರಡು ದಿನದಲ್ಲಿ ಬಣ್ಣ ಹೆಚ್ಚುಕಡಿಮೆ ವಾಪಸ್ ಬಂತು, ಮುಚ್ಚಳ ಮಡಿಚುವ ಜಾಗ ಮೆತ್ತಗಾಯಿತು. ಕಪ್ಪು ಬ್ಯಾಗಿಗೆ ಹಚ್ಚಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ, ಮೇಲಿನ ಲೇಪ ದಾಟಿ ಕ್ರೀಮ್ ಒಳಗೆ ಹೋಗುವುದೇ ಕಷ್ಟ. ಮೇಲೆ ಉಳಿದದ್ದನ್ನು ಒರೆಸಿ ತೆಗೆಯಬೇಕಾಯಿತು.

ಚೀಟಿಯಲ್ಲಿ 'ವಾರಕ್ಕೊಮ್ಮೆ ಧಾರಾಳವಾಗಿ ಹಚ್ಚಿ' ಅಂತ ಇದೆ. ಬಾಟಲಿ ಬೇಗ ಖಾಲಿಯಾಗಲಿ ಅಂತ ಬರೆದಿದ್ದಾರೆ ಅನ್ನಿಸಿತು. ವಾರಕ್ಕೊಮ್ಮೆ ಹಚ್ಚಿದರೆ ಚರ್ಮ ಸಡಿಲವಾಗಿ ಬ್ಯಾಗಿನ ಆಕಾರ ಹೋಗುತ್ತದೆ, ಧೂಳು ಅಂಟುತ್ತದೆ, ತೇವದ ದಿನಗಳಲ್ಲಿ ಬೂಷ್ಟಿಗೆ ಊಟ ಬಡಿಸಿಟ್ಟ ಹಾಗೆ. ಮೂರರಿಂದ ಆರು ತಿಂಗಳಿಗೆ ಒಂದು ಸಲ, ಕಡಲೆಕಾಳಿನಷ್ಟು ಕ್ರೀಮ್, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿದರೆ ಧಾರಾಳ ಸಾಕು. ಕಂಡೀಷನರ್ ಬದಲಿಗೆ ಅಡುಗೆಮನೆಯ ಎಣ್ಣೆ ಹಚ್ಚುವವರೂ ಇದ್ದಾರೆ. ಅದು ಒಳಗೇ ಕಮಟು ಹಿಡಿಯುತ್ತದೆ, ಚರ್ಮ ಕಪ್ಪಾಗುತ್ತದೆ, ಆ ವಾಸನೆ ಮತ್ತೆ ಹೋಗುವುದೇ ಇಲ್ಲ.

ಇನ್ನು ಸ್ಪ್ರೇ. ನನಗೆ ಬೇಜಾರಾದ ಭಾಗ ಇದೇ.

ಚೀಟಿಯಲ್ಲಿ ಇದ್ದದ್ದು ಒಂದೇ ವಾಕ್ಯ: 'ಬ್ಯಾಗಿನ ಮೇಲೆ ಸಮನಾಗಿ ಸಿಂಪಡಿಸಿ.' ಎಷ್ಟು ದೂರದಿಂದ ಅಂತ ಇಲ್ಲ, ಯಾವ ಚರ್ಮಕ್ಕೆ ಬೇಡ ಅಂತಲೂ ಇಲ್ಲ. ಮಳೆಗೆ ಮೊದಲು ಕಾಪಾಡಬೇಕಾದದ್ದು ಅಮ್ಮನ ಬ್ಯಾಗ್ ಅಲ್ವಾ ಅಂತ ಅದಕ್ಕೇ ಮೊದಲು ಹೊಡೆದೆ, ಒಂದು ಗೇಣು ದೂರವೂ ಇರಲಿಲ್ಲ. ಮುಚ್ಚಳದ ಮೇಲೆ ಕಪ್ಪು ಚುಕ್ಕೆಗಳು ಎದ್ದವು, ಸಣ್ಣ ಮಳೆ ಹನಿ ಬಿದ್ದು ಹಾಗೇ ನಿಂತುಬಿಟ್ಟ ಥರ. ಒಣಗಿದ ಮೇಲೂ ಹೋಗಲಿಲ್ಲ. ಹತ್ತಿರದಿಂದ ಹೊಡೆದರೆ ದ್ರಾವಣ ದೊಡ್ಡ ಹನಿಗಳಾಗಿ ಬೀಳುತ್ತದೆ, ಲೇಪ ಇಲ್ಲದ ಚರ್ಮ ಆ ಹನಿಯನ್ನು ಬಿದ್ದಲ್ಲೇ ಕುಡಿದುಬಿಡುತ್ತದೆ. 20ರಿಂದ 30 ಸೆಂಟಿಮೀಟರ್ ದೂರದಿಂದ, ತೆಳುವಾಗಿ, ಎರಡು ಸಲ, ಮಧ್ಯೆ ಒಣಗಲು ಬಿಟ್ಟು ಹೊಡೆಯಬೇಕಂತೆ. ಇದನ್ನು ನಾನು ಆಮೇಲೆ ಬೇರೆ ಕಡೆ ಓದಿ ತಿಳಿದುಕೊಂಡೆ.

ಲೇಪ ಇಲ್ಲದ ಚರ್ಮದ ಮೇಲೆ ನೀರಿನ ಕಲೆ ಆದರೆ ಒಂದು ಉಪಾಯ ಇದೆ. ಒದ್ದೆ ಬಟ್ಟೆಯಿಂದ ಆ ಇಡೀ ಭಾಗವನ್ನು ಹೊಲಿಗೆಯಿಂದ ಹೊಲಿಗೆಯವರೆಗೆ ಒಂದೇ ಸಮ ತೇವ ಮಾಡಿ ನೆರಳಲ್ಲಿ ಒಣಗಿಸಿದರೆ ಕಲೆಯ ಅಂಚು ಕರಗಿಹೋಗುತ್ತದೆ. ಅದನ್ನೂ ಮಾಡಿದೆ. ಆದರೆ ಸ್ಪ್ರೇ ಬಿದ್ದ ಚುಕ್ಕೆಗಳು ನೀರನ್ನೇ ಒಳಗೆ ಬಿಡಲಿಲ್ಲ, ಸುತ್ತಲೂ ತೇವ, ಚುಕ್ಕೆಯ ಮೇಲೆ ಮಾತ್ರ ಮಣಿ. ಆ ಹೊತ್ತಿಗೆ ಸ್ಪ್ರೇ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಕಣ್ಣಾರೆ ಕಂಡ ಹಾಗಾಯಿತು, ಖುಷಿ ಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಂಪನಿಗೆ ಫೋಟೋ ಸಮೇತ ಬರೆದೆ. 'ಕೆಲವು ದಿನಗಳಲ್ಲಿ ತಾನಾಗಿಯೇ ಹೋಗುತ್ತದೆ' ಅಂತ ಉತ್ತರ ಬಂತು. ನಾಲ್ಕು ತಿಂಗಳಾಯಿತು, ಚುಕ್ಕೆಗಳು ಹಾಗೇ ಇವೆ. ಬ್ಯಾಗ್ ರಿಪೇರಿ ಮಾಡುವವರು ಇಡೀ ಮುಚ್ಚಳಕ್ಕೆ ಗಾಢ ಬಣ್ಣ ಕೊಟ್ಟು ಮರೆಮಾಡಬಹುದು ಅಂದರು. ಅಮ್ಮ ಇಷ್ಟು ವರ್ಷ ಬಳಸಿ ಬಂದ ಬಣ್ಣ ಅದು, ಅದರ ಮೇಲೆ ಬಣ್ಣ ಬಳಿಸಲು ಮನಸ್ಸಾಗಲಿಲ್ಲ.

ಸ್ಪ್ರೇ ಎಲ್ಲಿ ಒಳ್ಳೆಯದು ಅಂದರೆ ಸ್ವೇಡ್ ಮತ್ತು ನುಬಕ್‌ನಲ್ಲಿ, ಅಂದರೆ ಮಖಮಲ್ಲಿನ ಹಾಗೆ ನವಿರಾದ ರೋಮ ಇರುವ ಚರ್ಮದಲ್ಲಿ. ಅವಕ್ಕೆ ಬೇರೆ ರಕ್ಷಣೆ ಇಲ್ಲ. ಸ್ನೇಹಿತೆಯ ಸ್ವೇಡ್ ಬ್ಯಾಗಿನ ತಳದಲ್ಲಿ ಮೊದಲು ಪರೀಕ್ಷಿಸಿ, ದೂರದಿಂದ ಹೊಡೆದು ಒಂದು ದಿನ ಬಿಟ್ಟೆವು, ತುಂಬಾ ಚೆನ್ನಾಗಿ ಬಂತು. ಬಣ್ಣದ ಲೇಪ ಇರುವ ಬ್ಯಾಗಿಗೆ ಸ್ಪ್ರೇಯಿಂದ ಅಂಥ ಲಾಭ ಇಲ್ಲ, ಲೇಪವೇ ಆ ಕೆಲಸ ಮಾಡುತ್ತಿರುತ್ತದೆ. ಯಾವ ಸ್ಪ್ರೇ ಆದರೂ ಜೋರು ಮಳೆಯಲ್ಲಿ ಜಿಪ್ ಮತ್ತು ಹೊಲಿಗೆಯಿಂದ ನೀರು ಒಳಗೆ ಬರುವುದನ್ನು ತಡೆಯಲಾರದು.

ಒಂದು ಮಾತು ದಯವಿಟ್ಟು ಕೇಳಿ. ಇದನ್ನು ಮನೆಯೊಳಗೆ ಹೊಡೆಯಬೇಡಿ. ನೀರು ತಡೆಯುವ ಸ್ಪ್ರೇಯ ಮಂಜನ್ನು ಉಸಿರಾಡಿ ಶ್ವಾಸಕೋಶಕ್ಕೆ ಪೆಟ್ಟಾದ ಪ್ರಕರಣಗಳು ವೈದ್ಯರ ದಾಖಲೆಗಳಲ್ಲಿವೆ. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಂತು, ಮಕ್ಕಳು ಮತ್ತು ಸಾಕು ಪ್ರಾಣಿಗಳು ಹತ್ತಿರ ಇಲ್ಲದಾಗ ಹೊಡೆಯಿರಿ. ಕೊಳ್ಳುವಾಗ ಫ್ಲೋರಿನ್ ಇಲ್ಲದ್ದು ಸಿಗುತ್ತದಾ ನೋಡಿ. ಫ್ಲೋರಿನ್ ಇರುವ ರಾಸಾಯನಿಕಗಳು ಮಣ್ಣಲ್ಲಿ, ನೀರಲ್ಲಿ ಸೇರಿದರೆ ಕರಗಿ ಹೋಗುವುದೇ ಇಲ್ಲ ಅನ್ನುವಷ್ಟು ಕಾಲ ಉಳಿಯುತ್ತವೆ. ಫ್ಲೋರಿನ್ ಇಲ್ಲದ್ದು ನೀರನ್ನು ಚೆನ್ನಾಗಿ ತಡೆಯುತ್ತದೆ, ಎಣ್ಣೆಯನ್ನು ಅಷ್ಟಾಗಿ ತಡೆಯುವುದಿಲ್ಲ.

ಬ್ಯಾಗ್ ನೆನೆದರೆ ಬೇಕಾಗುವುದು ಬಾಟಲಿಗಿಂತ ತಾಳ್ಮೆ. ಒತ್ತಿ ಒರೆಸಿ, ಒಳಗೆ ಬಿಳಿ ಕಾಗದ ತುಂಬಿ, ಫ್ಯಾನಿನ ಗಾಳಿಗೆ ಬಿಡಿ. ನ್ಯೂಸ್‌ಪೇಪರ್ ಬೇಡ, ಅದರ ಮಸಿ ಲೈನಿಂಗ್‌ಗೆ ಹತ್ತುತ್ತದೆ. ಹೇರ್ ಡ್ರೈಯರ್, ಬಿಸಿಲು ಎರಡೂ ಬೇಡ, ಒದ್ದೆ ಚರ್ಮ ಬಿಸಿಗೆ ಮುದುಡಿ ಗಟ್ಟಿಯಾದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಎತ್ತಿಡುವಾಗ ಹತ್ತಿಯ ಚೀಲದಲ್ಲಿಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ತೇವ ಸಿಕ್ಕಿಹಾಕಿಕೊಂಡು ಬೂಷ್ಟು ಬರುತ್ತದೆ.

ರೆಕ್ಸಿನ್ ಬ್ಯಾಗಿಗೆ ಅಂತ ಯಾರೂ ಈ ಕಿಟ್ ಕೊಳ್ಳಬೇಡಿ. ಅದರ ಪ್ಲಾಸ್ಟಿಕ್ ಪದರ ವರ್ಷ ಕಳೆದ ಹಾಗೆ ತಾನೇ ಶಿಥಿಲವಾಗಿ ಸಿಪ್ಪೆ ಏಳುತ್ತದೆ, ಯಾವ ಕ್ರೀಮೂ ಅದನ್ನು ತಡೆಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದಕ್ಕೆ ಸಾಕು.

ಕ್ಲೀನರ್‌ಗೆ 5ಕ್ಕೆ 5, ಕಂಡೀಷನರ್‌ಗೆ 3, ಸ್ಪ್ರೇಗೆ ಸ್ವೇಡ್ ಇದ್ದವರು 4 ಕೊಡಬಹುದು, ನಾನು 1 ಕೊಡುತ್ತೇನೆ. ಚೀಟಿಗೆ ಸೊನ್ನೆ. ಐದು ತಿಂಗಳಲ್ಲಿ ಕ್ಲೀನರ್ ತಳ ಕಂಡಿದೆ, ಕಂಡೀಷನರ್ ಮುಕ್ಕಾಲು ಬಾಟಲಿ ಇದೆ, ಸ್ಪ್ರೇ ಹೆಚ್ಚುಕಡಿಮೆ ತುಂಬಿದ ಹಾಗೇ ಇದೆ. ಕ್ಲೀನರ್ ಒಂದನ್ನೇ ಬಿಡಿಯಾಗಿ ಕೊಡಿ ಅಂತ ಕಂಪನಿಗೆ ಮತ್ತೆ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.