ಜಿಂಕೆ ಕಾಣ್ತಿಲ್ಲ ಅಂದಾಗ: ಅಲ್ಲೇ ಕೂರೋದಾ, ನಡೆಯೋದಾ, ಸೋವೋದಾ?

ಮೊದ್ಲೇ ಹೇಳ್ಬಿಡ್ತೀನಿ, ಇದು ಅಮೆರಿಕದಲ್ಲಿ ಲೈಸೆನ್ಸ್ ತಗೊಂಡು ಸೀಸನ್‌ನಲ್ಲಿ ಮಾಡೋ ವೈಟ್‌ಟೇಲ್ ಜಿಂಕೆ ಬೇಟೆ ವಿಷ್ಯ. ಇಂಡಿಯಾದಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ, ಅಲ್ಲಿ ಆ ಯೋಚ್ನೆನೇ ಬೇಡ.

ಸೀಸನ್‌ಗೆ ಮುಂಚೆ ಸಂಜೆ ಹೊತ್ತು ಹೊಲದ ಅಂಚಲ್ಲಿ ಆರಾಮಾಗಿ ಮೇಯ್ತಿದ್ದ ಜಿಂಕೆಗಳು ಕೋವಿ ಸೀಸನ್ ಶುರುವಾಗಿ ನಾಲ್ಕು ದಿನಕ್ಕೆ ಮಾಯ. ಎಲ್ಲರೂ "ಈ ಸಲ ಜಿಂಕೆನೇ ಇಲ್ಲ ಮಾರಾಯ" ಅಂತಾರೆ, ಆದ್ರೆ ಅವು ಎಲ್ಲೂ ಹೋಗಿರಲ್ಲ. ಹೆಣ್ಣು ಜಿಂಕೆ ಓಡಾಡೋ ಜಾಗ ಸಾಮಾನ್ಯವಾಗಿ ಒಂದು ಚದರ ಮೈಲಿ ಒಳಗೇ ಇರುತ್ತೆ. ಓಡಾಡೋ ಟೈಮು ರಾತ್ರಿಗೆ ಹೋಗಿರುತ್ತೆ, ಹಗಲು ಮಲಗೋದು ಪೊದೆ ತುಂಬಿದ ದಟ್ಟ ಹಳುವಿನೊಳಗೆ. ಅದ್ರ ಜೊತೆಗೆ ಓಕ್ ಮರದ ಕಾಯಿ ಉದುರೋಕೆ ಶುರುವಾದ್ರೆ ಮೇವು ಕಾಡೊಳಗೇ ಸಿಗುತ್ತಲ್ಲ, ಹೊಲಕ್ಕೆ ಯಾಕೆ ಬರ್ತವೆ? ಅದ್ರಲ್ಲೂ ವೈಟ್ ಓಕ್ ಕಾಯಿ ಅಂದ್ರೆ ಪ್ರಾಣ, ರೆಡ್ ಓಕ್ ಕಾಯಲ್ಲಿ ಒಗರು ಜಾಸ್ತಿ.

ಹೊಲದ ಅಂಚಿನ ಟ್ರೀ ಸ್ಟ್ಯಾಂಡ್ (ಮರದ ಮೇಲೆ ಕೂರೋಕೆ ಕಟ್ಟೋ ಅಟ್ಟಣೆ) ಬಿಟ್ಟು ಬೇರೆ ಏನೇನು ನಡಿಯುತ್ತೆ ಅಂತ ಒಂದೇ ಕಾಡಲ್ಲಿ ಎಲ್ಲಾನೂ ಮಾಡಿ ನೋಡಿದೀನಿ.

ಟ್ರೀ ಸ್ಟ್ಯಾಂಡ್ ಸುಖ ನಿಜ. ದೂರದ ತನಕ ಕಾಣುತ್ತೆ, ವಾಸನೆನೂ ಸ್ವಲ್ಪ ಮೇಲಿಂದ ಹೋಗುತ್ತೆ. ಆದ್ರೆ ಜನ ಓಡಾಡಿ ಜಿಂಕೆ ಬೆದರಿದ ಮೇಲೆ ಅಲ್ಲಿ ಕೂತ್ರೆ ಅಳಿಲು ಎಣಿಸೋದೇ ಕೆಲಸ. ಬೆಳಿಗ್ಗೆ ನೋಡಿದ್ರೆ ಕೆಸರಲ್ಲಿ ಗೊರಸಿನ ಗುರುತು ಅಂಚು ಚೂಪಾಗಿ ಹೊಸದಾಗಿರುತ್ತೆ, ಹಿಕ್ಕೆ ಇನ್ನೂ ಹೊಳೀತಾ ಹಸಿಯಾಗಿರುತ್ತೆ, ಸಂಜೆ ಮಾತ್ರ ಒಂದೂ ಬರಲ್ಲ. ಅಂದ್ರೆ ರಾತ್ರಿ ಬಂದು ಹೋಗಿವೆ, ಇನ್ನು ಅಲ್ಲಿ ಎಷ್ಟು ಹೊತ್ತು ಕೂತ್ರೂ ಅಷ್ಟೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಕೈ ಹಿಡಿದಿದ್ದು ಹಳುವಿನ ಪಕ್ಕದಲ್ಲೇ ನೆಲದ ಮೇಲೆ ಮರಸು ಕೂರೋದು, ಅಂದ್ರೆ ಅಡಗಿ ಕಾಯೋದು. ದೊಡ್ಡ ಮರದ ಬುಡಕ್ಕೆ ಬೆನ್ನು ಕೊಟ್ಟು, ಕಾಣೋದು ಮೂವತ್ತು ನಲವತ್ತು ಗಜ ಅಷ್ಟೇ, ಮೊದಮೊದಲು ಉಸಿರು ಕಟ್ಟಿದ ಹಾಗೆ ಅನ್ಸುತ್ತೆ. ಇಲ್ಲಿ ಪೂರ್ತಿ ಜಿಂಕೆ ಹುಡುಕ್ತಾ ಕೂತ್ರೆ ಕಾಣೋದೇ ಇಲ್ಲ. ಮರಗಳೆಲ್ಲ ನೆಟ್ಟಗೆ ನಿಂತಿರ್ತವಲ್ಲ, ಅದ್ರ ನಡುವೆ ಅಡ್ಡಕ್ಕೆ ಒಂದು ಗೆರೆ ಕಂಡ್ರೆ ಅದು ಬೆನ್ನು, ಎಲೆ ಅಲ್ಲಾಡದ ಕಡೆ ಏನೋ ಪಟಕ್ ಅಂದ್ರೆ ಅದು ಕಿವಿ. ಇನ್ನೊಂದು, ಮಧ್ಯಾಹ್ನ ಹನ್ನೊಂದರಿಂದ ಒಂದರ ತನಕ ಏಳಬೇಡಿ. ಮಿಕ್ಕವರೆಲ್ಲ ಊಟಕ್ಕೆ ಅಂತ ಕಾಡಿಂದ ಆಚೆ ನಡೀತಾರೆ, ಅವರ ಸದ್ದಿಗೆ ಜಿಂಕೆ ಎದ್ದು ನಿಮ್ಮ ಕಡೆ ಜಾರಿಕೊಂಡು ಬರುತ್ತೆ.

ಆದ್ರೆ ಇದ್ರಲ್ಲಿ ಗಾಳಿ ತಪ್ಪಿದ್ರೆ ಎಲ್ಲಾ ಹೋಯ್ತು. ಗುಡ್ಡದ ಜಾಗದಲ್ಲಿ ಬಿಸಿಲೇರಿದ ಮೇಲೆ ಗಾಳಿ ಇಳಿಜಾರಲ್ಲಿ ಮೇಲಕ್ಕೆ ಹತ್ತುತ್ತೆ, ಸಂಜೆ ತಣ್ಣಗಾದ್ರೆ ಕೆಳಕ್ಕೆ ಇಳಿಯುತ್ತೆ, ಹಂಗಾಗಿ ಬೆಳಿಗ್ಗೆ ಒಳ್ಳೇದಾದ ಜಾಗ ಸಂಜೆಗೆ ಕೆಲಸಕ್ಕೆ ಬರಲ್ಲ. ಎಲ್ಲಿ ಕೂರ್ತೀರಿ ಅನ್ನೋದಕ್ಕಿಂತ ಅಲ್ಲಿಗೆ ಯಾವ ದಾರೀಲಿ ಹೋದ್ರಿ ಅನ್ನೋದೇ ಮುಖ್ಯ ಅಂತ ನನ್ನ ಲೆಕ್ಕ. ಹಳ್ಳದ ನೀರಲ್ಲೇ ನಡ್ಕೊಂಡು ಹೋಗೋಕಾದ್ರೆ ಅದಕ್ಕಿಂತ ಒಳ್ಳೇದಿಲ್ಲ.

ನಡೆದು ಹುಡುಕೋದು ಅಂದ್ರೆ ಎರಡು ಹೆಜ್ಜೆ ಇಟ್ಟು, ನಡೆದಿದ್ದಕ್ಕಿಂತ ಜಾಸ್ತಿ ಹೊತ್ತು ನಿಂತು ನೋಡೋದು, ಗಾಳಿಗೆ ಎದುರಾಗಿ. ಒಣ ಎಲೆ ಮೇಲೆ ಇದು ಹಪ್ಪಳ ತುಳಿದ ಹಾಗೆ, ದಂಡ. ಮಳೆ ನಿಂತ ಮೇಲೆ ನೆಲ ಒದ್ದೆಯಾಗಿ ಸ್ವಲ್ಪ ಗಾಳಿನೂ ಇದ್ರೆ ಮಾತ್ರ ಮರಸಿಗಿಂತ ಇದೇ ಮೇಲು, ಮಜಾನೂ ಜಾಸ್ತಿ.

ಸೋವೋದು ನಂಗೆ ಅಷ್ಟು ಇಷ್ಟ ಇಲ್ಲ. ಗುಂಪು ಕಟ್ಕೊಂಡು ಗದ್ದಲ ಮಾಡಿ ಎಬ್ಬಿಸಿದ್ರೆ ಓಡೋ ಜಿಂಕೆಗೆ ಗುಂಡು ಹೊಡೀಬೇಕಾಗುತ್ತೆ, ಗಾಯ ಆಗಿ ತಪ್ಪಿಸ್ಕೊಂಡ್ರೆ ಅದಕ್ಕೂ ನರಕ ನಮಗೂ ನರಕ. ಮಾಡಲೇಬೇಕು ಅಂದ್ರೆ ಒಬ್ಬ ಮಾತ್ರ ಗಾಳಿ ಬೆನ್ನಿಗೆ ಬರೋ ಹಾಗೆ ನಿಧಾನಕ್ಕೆ ಹಳುವಿನೊಳಗೆ ನಡೀಲಿ, ಅವನ ವಾಸನೆಗೇ ಜಿಂಕೆ ಗಾಬರಿ ಬೀಳದೆ ಎದ್ದು ಬರುತ್ತೆ, ಇಬ್ಬರು ಅದು ತಪ್ಪಿಸ್ಕೊಳ್ಳೋ ಕಂಡಿಯ ಪಕ್ಕದಲ್ಲಿ ಕೂತಿರಲಿ. ಯಾರು ಯಾವ ದಿಕ್ಕಿಗೆ ಗುಂಡು ಹಾರಿಸಬಾರದು ಅಂತ ಮೊದ್ಲೇ ಮಾತಾಡ್ಕೊಳ್ಳಿ, ಎಲ್ಲರ ಮೈಮೇಲೂ ಆರೆಂಜ್ ಜಾಕೆಟ್ ಇರಲೇಬೇಕು. ಆ ಬಣ್ಣ ಜಿಂಕೆಗೆ ನಮಗೆ ಕಂಡಷ್ಟು ಎದ್ದು ಕಾಣಲ್ಲ, ನೀಲಿ ಚೆನ್ನಾಗಿ ಕಾಣುತ್ತೆ, ಹಾಗಾಗಿ ಜೀನ್ಸ್ ಹಾಕೊಂಡು ಬರಬೇಡಿ.

ಗಂಡು ಜಿಂಕೆನ ಹತ್ತಿರ ಕರೆಯೋಕೆ ಕೊಂಬು ತಿಕ್ಕಿ ಸದ್ದು ಮಾಡೋದು, ಗಂಡಿನ ಥರ ಗುರ್ ಅನ್ನೋದು ಇವೆಲ್ಲ ಬೆದೆ ಟೈಮಲ್ಲಿ, ಅಂದ್ರೆ ಉತ್ತರದ ಕಡೆ ನವೆಂಬರ್ ಆಸುಪಾಸಲ್ಲಿ ಓಕೆ, ಮಿಕ್ಕ ಟೈಮಲ್ಲಿ ನಂಗೇನೂ ಪ್ರಯೋಜನ ಕಂಡಿಲ್ಲ. ಟ್ರೈಲ್ ಕ್ಯಾಮೆರಾ (ಮರಕ್ಕೆ ಕಟ್ಟಿಟ್ರೆ ಪ್ರಾಣಿ ಬಂದಾಗ ತಾನೇ ಫೋಟೋ ತೆಗೆಯೋದು) ಹಾಕೋ ಮುಂಚೆ ಆ ರಾಜ್ಯದ ರೂಲ್ಸ್ ನೋಡ್ಕೊಳ್ಳಿ, ಅರಿಜೋನಾದಲ್ಲಿ 2022ರಿಂದ ಬೇಟೆಗೆ ಅದನ್ನ ಬ್ಯಾನ್ ಮಾಡಿದಾರೆ.

ಹಿಮ ಬಿದ್ದು ಓಕ್ ಕಾಯಿ ಖಾಲಿಯಾದ ಮೇಲೆ ಮಾತ್ರ ಲೆಕ್ಕ ತಿರುಗುತ್ತೆ. ಆಗ ಹಸಿವು ಭಯಕ್ಕಿಂತ ದೊಡ್ಡದು, ಕಟಾವಾದ ಮೆಕ್ಕೆಜೋಳದ ಹೊಲಕ್ಕೆ ಬೆಳಕಿರುವಾಗಲೇ ಬರೋಕೆ ಶುರು ಮಾಡ್ತವೆ. ಅಷ್ಟು ಹೊತ್ತಿಗೆ ಬೇಟೆಯವರೂ ಕಮ್ಮಿ ಆಗಿರ್ತಾರೆ, ಟ್ರೀ ಸ್ಟ್ಯಾಂಡ್ ಬಿಚ್ಚದೆ ಅಲ್ಲೇ ಬಿಟ್ಟಿದ್ರೆ ಅವಾಗ ಹತ್ತಿ ಕೂರಿ.