ಮಡಿಕೇರಿಯ ಚದುರಂಗ ತರಗತಿ: ನಾಲ್ಕು ಭಾನುವಾರ, ಒಂದೇ ಆಟ

ನ್ಯೂಯಾರ್ಕಿನ ರೋಸೆನ್‌ವಾಲ್ಡ್ ಪಂದ್ಯಾವಳಿಯಲ್ಲಿ 1956ರಲ್ಲಿ 13 ವರ್ಷದ ಬಾಬಿ ಫಿಷರ್ (ಮುಂದೆ ವಿಶ್ವ ಚಾಂಪಿಯನ್ ಆದವರು) ಕಪ್ಪು ಕಾಯಿಗಳಲ್ಲಿ ಆಡಿ ಡೊನಾಲ್ಡ್ ಬರ್ನ್ ಅವರನ್ನು 41 ನಡೆಗಳಲ್ಲಿ ಸೋಲಿಸಿದ ಆಟವೊಂದನ್ನೇ ಮಡಿಕೇರಿಯ ಈ ತರಗತಿಯಲ್ಲಿ ನಾಲ್ಕು ಭಾನುವಾರ ಬಿಡಿಸಿ ಹೇಳಿದರು. ಮಂತ್ರಿಯನ್ನು ಬಲಿಕೊಟ್ಟ 17ನೆಯ ನಡೆ ಎಲ್ಲರಿಗೂ ಗೊತ್ತಿರುವಂಥದ್ದೇ. ನನಗೆ ಹಿಡಿಸಿದ್ದು ಅದಕ್ಕೂ ಮೊದಲಿನ ಪಾಠ: ಗ್ರೂನ್‌ಫೆಲ್ಡ್ ರಕ್ಷಣೆ ಎಂಬ ಆರಂಭದ ಪಟ್ಟಿನಲ್ಲಿ ಕಪ್ಪು ಆಟಗಾರ ನಡುವಿನ ಮನೆಗಳನ್ನು ಎದುರಾಳಿಗೆ ಬಿಟ್ಟುಕೊಟ್ಟು ಆಮೇಲೆ ದೂರದಿಂದ ಕೊರೆಯುವ ಬಗೆ, ಮತ್ತು 11ನೆಯ ನಡೆಯಲ್ಲಿ ಫಿಷರ್ ಅಂಚಿಗೆ ಹಾರಿಸಿದ ಕುದುರೆ. ಬಿಳಿ ಅದನ್ನು ಹೊಡೆದರೆ ಫಿಷರ್‌ನ ಇನ್ನೊಂದು ಕುದುರೆ ನಡುವಿನ ಕಾಲಾಳನ್ನು ನುಂಗಿ, ಬಿಳಿಯ ಮಂತ್ರಿಗೂ ಒಂಟೆಗೂ ಒಟ್ಟಿಗೆ ಗುರಿಯಿಡುತ್ತದೆಂಬುದನ್ನು ಗುರುಗಳು ಮಣೆಯ ಮೇಲೆ ಮೂರು ಸಲ ಆಡಿ ತೋರಿಸಿದರು. ತಗಡಿನ ಮಾಡಿನ ಮೇಲೆ ಬೀಳುವ ಆಟಿ ಮಳೆಯಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ರಾಜನನ್ನು ಅಟ್ಟಾಡಿಸುವ ಕೊನೆಯ ಭಾಗವನ್ನಂತೂ ಅವಸರದಲ್ಲಿ ಮುಗಿಸಿದರು.